ಗುಡ್ಡದ ನೀರಿಗೆ ಒತ್ತಡ ಸಾಲದಿದ್ದರೆ: ಪೈಪ್ ಬದಲಿಸುವುದೋ, ತೊಟ್ಟಿ ಏರಿಸುವುದೋ, ಪಂಪ್ ಕೂರಿಸುವುದೋ?

ಮಲೆನಾಡಿನ ಎಷ್ಟೋ ಒಂಟಿ ಮನೆಗಳಿಗೆ ಇಂದಿಗೂ ನೀರು ಬರುವುದು ಮನೆಯ ಹಿಂದಿನ ಗುಡ್ಡದಿಂದ. ಮೇಲೆಲ್ಲೋ ಒಂದು ಒರತೆ, ಅದರ ಬಾಯಿಗೆ ಕಲ್ಲು ಕಟ್ಟಿ ಮಾಡಿದ ಗುಂಡಿ, ಅಲ್ಲಿಂದ ಸೊಪ್ಪಿನ ಬೆಟ್ಟ ಹಾದು ಅಂಗಳದವರೆಗೆ ಎಳೆದ ಕಪ್ಪು ಪೈಪ್. ಹಿಂದೆ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಬಚ್ಚಲ ಹಂಡೆಗೆ ಬೀಳುತ್ತಿದ್ದ ಅಬ್ಬಿ ನೀರೇ ಇದು. ಆಗ ನೀರು ಬಂದರೆ ಸಾಕಿತ್ತು, ಒತ್ತಡದ ಮಾತು ಯಾರೂ ಎತ್ತುತ್ತಿರಲಿಲ್ಲ. ಈಗ ಅದೇ ನೀರು ಗ್ಯಾಸ್ ಗೀಸರ್ ಹೊತ್ತಿಸಬೇಕು, ವಾಷಿಂಗ್ ಮೆಷಿನ್ ತುಂಬಬೇಕು, ಮಹಡಿಯ ಶವರಿನಲ್ಲಿ ಸುರಿಯಬೇಕು. ಆಗಲೇ ದೂರು ಶುರು: ನೀರಿದೆ, ಫೋರ್ಸ್ ಇಲ್ಲ.

ಪೇಟೆಯ ಅಂಗಡಿಯಲ್ಲಿ ಈ ದೂರಿಗೆ ಸಿದ್ಧ ಉತ್ತರವೊಂದಿದೆ, ಅದು ಪ್ರೆಶರ್ ಪಂಪ್. ಕೆಲವು ಮನೆಗಳಿಗೆ ಅದೇ ಸರಿಯಾದ ಉತ್ತರವೂ ಹೌದು. ಆದರೆ ಗುಡ್ಡದಿಂದ ನೀರಿಳಿಯುವ ಮನೆಯಲ್ಲಿ ಪಂಪ್ ಕೊನೆಯ ಆಯ್ಕೆಯಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒತ್ತಡ ಕಡಿಮೆಯಾಗಲು ಕಾರಣ ಮೂರು. ಎತ್ತರ ಸಾಲದಿರಬಹುದು, ದಾರಿ ಇಕ್ಕಟ್ಟಾಗಿರಬಹುದು, ಇಲ್ಲವೇ ಒರತೆಯಲ್ಲೇ ನೀರು ಸಾಲದಿರಬಹುದು. ಒಂದೊಂದಕ್ಕೂ ಮದ್ದು ಬೇರೆ. ಯಾವುದೆಂದು ತಿಳಿಯದೆ ಹಣ ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ.

ಮೊದಲು ಅಳತೆ

ಹತ್ತು ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ ಹಾಕುತ್ತದೆ. ಅಂಗಡಿಯವರೂ ಪ್ಲಂಬರುಗಳೂ ಇದನ್ನು ಸುಮ್ಮನೆ ‘ಒಂದು ಕೆಜಿ’ ಎನ್ನುತ್ತಾರೆ. ಪೈಪಿನ ಮೇಲೆ ಅಚ್ಚಾಗಿರುವ ತಾಳಿಕೆಯ ಲೆಕ್ಕವೂ ಅದೇ. ಒತ್ತಡಕ್ಕೆ ಬೇಕಿರುವುದು ಎತ್ತರ ಮಾತ್ರ. ತೊಟ್ಟಿ 500 ಲೀಟರಿನದಾದರೇನು, 5000 ಲೀಟರಿನದಾದರೇನು, ನೀರಿನ ಮಟ್ಟ ಒಂದೇ ಆಗಿದ್ದರೆ ಕೆಳಗಿನ ನಲ್ಲಿಗೆ ಸಿಗುವ ಒತ್ತಡವೂ ಒಂದೇ. ‘ದೊಡ್ಡ ಟ್ಯಾಂಕ್ ಇಟ್ಟರೆ ಫೋರ್ಸ್ ಬರುತ್ತದೆ’ ಎಂಬ ಮಾತು ಎಲ್ಲಿ ಹುಟ್ಟಿತೋ ತಿಳಿಯದು, ಆದರೆ ಅದನ್ನು ನಂಬಿ ಟ್ಯಾಂಕ್ ಕೊಂಡವರು ಬಹಳ ಜನ.

ಕೆಲವು ನೂರು ರೂಪಾಯಿಗೆ ಸಿಗುವ ಒಂದು ಪ್ರೆಶರ್ ಗೇಜ್ ತನ್ನಿ. ಗುಡ್ಡದ ಪೈಪ್ ಮನೆಗೆ ಸೇರುವಲ್ಲಿ ಒಂದು ‘ಟೀ’ (ಮೂರು ಬಾಯಿಯ ಜೋಡಣೆ) ಹಾಕಿ ಅದನ್ನು ಕೂರಿಸಿ. ನಲ್ಲಿಗಳನ್ನೆಲ್ಲ ಮುಚ್ಚಿ, ಪೈಪ್ ಪೂರ್ತಿ ತುಂಬಲು ಬಿಟ್ಟು ಮುಳ್ಳು ಎಲ್ಲಿ ನಿಂತಿದೆ ನೋಡಿ. ಎರಡೂವರೆ ಕೆ.ಜಿ. ತೋರಿಸಿದರೆ ಒರತೆ ಮನೆಗಿಂತ ಸುಮಾರು 25 ಮೀಟರ್ ಮೇಲಿದೆ ಎಂದರ್ಥ. ಗುಡ್ಡ ಹತ್ತಿ ಮೊಬೈಲಿನಲ್ಲಿ ಎತ್ತರ ಅಳೆಯುವುದಕ್ಕಿಂತ ಇದು ಎಷ್ಟೋ ನಂಬಿಕಸ್ತ, ಮೊಬೈಲು ಹತ್ತು ಹದಿನೈದು ಮೀಟರ್ ಆಚೀಚೆ ಹೇಳಿದರೂ ಆಶ್ಚರ್ಯವಿಲ್ಲ. ಒಂದು ಎಚ್ಚರಿಕೆ: ಯಾವಾಗಲೂ ತೆರೆದೇ ಇರುವ ಹಳೆಯ ಪೈಪಿನ ಬಾಯಿಯನ್ನು ಏಕಾಏಕಿ ಪೂರ್ತಿ ಮುಚ್ಚಬೇಡಿ. ಏಕೆಂಬುದು ಮುಂದೆ ಬರುತ್ತದೆ.

ಈಗ ನಲ್ಲಿ ತೆರೆದು ಗೇಜ್ ನೋಡಿ. ಮುಚ್ಚಿದಾಗ ಚೆನ್ನಾಗಿದ್ದ ಮುಳ್ಳು ತೆರೆದ ತಕ್ಷಣ ಸೊನ್ನೆಯ ಹತ್ತಿರ ಬಿದ್ದರೆ ಎತ್ತರಕ್ಕೆ ಕೊರತೆಯಿಲ್ಲ, ದಾರಿಯಲ್ಲಿ ತೊಂದರೆಯಿದೆ. ಮುಚ್ಚಿದಾಗಲೇ ಅರ್ಧ ಕೆ.ಜಿ. ದಾಟದಿದ್ದರೆ ಎತ್ತರವೇ ಇಲ್ಲ. ಮುಳ್ಳು ನಡುಗುತ್ತ, ನಲ್ಲಿ ಬುಸುಗುಟ್ಟುತ್ತ ನೀರನ್ನು ಉಗುಳುತ್ತಿದ್ದರೆ ಒಳಗೆ ಗಾಳಿ ಸೇರಿದೆ.

ಮೂರನೆಯ ಪರೀಕ್ಷೆಗೆ ಗುಡ್ಡ ಹತ್ತಲೇಬೇಕು. ಮನೆಯಲ್ಲಿ ಒಬ್ಬರು ನಲ್ಲಿ ತೆರೆದಿಟ್ಟಿರಲಿ, ಇನ್ನೊಬ್ಬರು ಒರತೆಯ ಗುಂಡಿಯ ಬಳಿ ಕುಳಿತಿರಲಿ. ಗುಂಡಿಯಿಂದ ಹೆಚ್ಚುವರಿ ನೀರು ತುಳುಕಿ ಹೊರಗೆ ಹೋಗುತ್ತಲೇ ಇದ್ದರೆ ಮೂಲದಲ್ಲಿ ನೀರಿಗೆ ಕೊರತೆಯಿಲ್ಲ. ತುಳುಕುವುದು ನಿಂತು, ಮಟ್ಟ ಇಳಿದು, ಪೈಪಿನ ಬಾಯಿ ಗೊರಗೊರ ಸದ್ದು ಮಾಡಲು ತೊಡಗಿದರೆ ನೀವು ಕೇಳುವಷ್ಟು ನೀರನ್ನು ಒರತೆ ಕೊಡುತ್ತಿಲ್ಲ. ನಿಮಿಷಕ್ಕೆ 3 ಲೀಟರ್ ಕೊಡುವ ಒರತೆಗೆ 10 ಲೀಟರ್ ಎಳೆಯುವ ಶವರ್ ಹಾಕಿದರೆ ಪೈಪಿನಲ್ಲಿ ತುಂಬಿ ನಿಂತಿದ್ದ ನೀರು ಸ್ವಲ್ಪ ಹೊತ್ತಿನಲ್ಲೇ ಖಾಲಿಯಾಗುತ್ತದೆ. ನೀರಿನ ಕಂಬವೇ ಇಲ್ಲದ ಮೇಲೆ ಒತ್ತಡ ಎಲ್ಲಿಂದ ಬರಬೇಕು? ‘ಬೆಳಿಗ್ಗೆ ಮೊದಲು ಸ್ನಾನಕ್ಕೆ ಹೋದವರಿಗೆ ಮಾತ್ರ ಫೋರ್ಸ್’ ಎನ್ನುವ ಮನೆಗಳ ಕಥೆ ಬಹುಮಟ್ಟಿಗೆ ಇದೇ.

ಖರ್ಚಿಲ್ಲದ ದಾರಿ

ಪೈಪ್ ಶುಚಿ ಮಾಡುವುದನ್ನು ಆಯ್ಕೆ ಎಂದು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಬೇರೆ ಏನನ್ನು ಕೊಳ್ಳುವುದಿದ್ದರೂ ಮೊದಲು ಇದು ಮುಗಿದಿರಬೇಕು. ಬಾಯಿಗೆ ಕಟ್ಟಿದ ಜಾಲರಿಯಲ್ಲಿ ತರಗೆಲೆ ಅಂಟಿರುತ್ತದೆ. ಜಾಲರಿ ಹರಿದಿದ್ದರೆ ಸಣ್ಣ ಏಡಿ ಒಳಗಿಳಿದು ಯಾವುದೋ ಜೋಡಣೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಏಡಿ ಸಾಕು, ಇಡೀ ಮನೆಗೆ ನೀರಿಲ್ಲ. ಮುಳ್ಳುಹಂದಿ ಕಡಿದ ಜಾಗಕ್ಕೆ ಸೈಕಲ್ ಟ್ಯೂಬ್ ಸುತ್ತಿದ್ದು ಸಡಿಲವಾಗಿರುತ್ತದೆ. ಪೈಪಿನ ಉದ್ದಕ್ಕೂ ನಡೆದರೆ ಬೇಸಿಗೆಯಲ್ಲಿ ಸೋರಿಕೆಯ ಜಾಗ ಕಣ್ಣಿಗೆ ತಾನಾಗಿ ಬೀಳುತ್ತದೆ, ಅಲ್ಲಿ ಮಾತ್ರ ಹುಲ್ಲು ಹಸಿರಾಗಿರುತ್ತದೆ.

ಗಾಳಿಯ ಕಾಟಕ್ಕೆ ಕಾರಣ ಪೈಪಿನ ಏರಿಳಿತ. ಪೈಪ್ ಒಂದು ದಿಬ್ಬ ಹತ್ತಿ ಇಳಿಯುವಲ್ಲಿ ಗಾಳಿ ಮೇಲಕ್ಕೆ ಬಂದು ಕುಳಿತು ನೀರಿನ ದಾರಿಯನ್ನು ಕಿರಿದುಗೊಳಿಸುತ್ತದೆ, ಕೆಲವೊಮ್ಮೆ ಪೂರ್ತಿ ತಡೆಯುತ್ತದೆ. ದಿಬ್ಬದ ನೆತ್ತಿಯಲ್ಲಿ ಒಂದು ‘ಟೀ’ ಹಾಕಿ ಮೇಲ್ಮುಖವಾಗಿ ಸಣ್ಣ ನಲ್ಲಿ ಕೂರಿಸಿದರೆ ಸಾಕು. ಸುಯ್ ಎಂಬ ಸದ್ದು ನಿಂತು ನೀರು ಚಿಮ್ಮುವವರೆಗೆ ತೆರೆದಿಟ್ಟು ಮುಚ್ಚಬೇಕು. ಪದೇ ಪದೇ ಹತ್ತಲು ಮನಸ್ಸಿಲ್ಲದವರು ತಾನಾಗಿ ಗಾಳಿ ಬಿಡುವ ಏರ್ ವಾಲ್ವ್ ಹಾಕಬಹುದು. ಪೈಪಿನ ಬಾಯಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಒಂದು ಗೇಣಾದರೂ ಕೆಳಗಿರಲಿ, ಆದರೆ ತಳದ ಕೆಸರಿಗೆ ತಾಗದಿರಲಿ.

ಮನೆಯೊಳಗಿನ ತಪಾಸಣೆಯನ್ನೂ ಬಿಡಬೇಡಿ. ಅರ್ಧ ತೆರೆದ ಗೇಟ್ ವಾಲ್ವ್, ಒಳಗೆ ತುಕ್ಕು ಕಟ್ಟಿದ ಹಳೆಯ ಜಿ.ಐ. ಪೈಪ್, ನಲ್ಲಿಯ ತುದಿಯ ಜರಡಿ, ಗೀಸರಿನ ಒಳಬಾಯಿಯ ಫಿಲ್ಟರ್. ಒಂದೇ ನಲ್ಲಿಯಲ್ಲಿ ಮಾತ್ರ ನೀರು ಸಣ್ಣಗೆ ಬಂದರೆ ಗುಡ್ಡ ಹತ್ತುವ ಪ್ರಮೇಯವೇ ಇಲ್ಲ.

ಪೈಪ್ ದಪ್ಪ ಮಾಡುವುದು

‘ಸಣ್ಣ ಪೈಪ್ ಹಾಕಿದರೆ ಫೋರ್ಸ್ ಹೆಚ್ಚು’ ಎಂಬುದು ಊರೂರಲ್ಲಿ ಬೇರೂರಿದ ನಂಬಿಕೆ. ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ದೂರ ಚಿಮ್ಮುವುದನ್ನು ನೋಡಿ ಹುಟ್ಟಿದ್ದು. ಬಾಯಿಯ ಬಳಿ ಒಂದು ಇಂಚು ಕಿರಿದಾಗುವುದೇ ಬೇರೆ, ಅರ್ಧ ಕಿಲೋಮೀಟರ್ ಕಿರಿದಾದ ಪೈಪಿನೊಳಗೆ ನೀರು ಉಜ್ಜಿಕೊಂಡು ಬರುವುದೇ ಬೇರೆ. ಪೈಪಿನ ಒಳವ್ಯಾಸ ಅರ್ಧವಾದರೆ ಅಷ್ಟೇ ನೀರು ಹರಿಸಲು ಆಗುವ ಒತ್ತಡದ ನಷ್ಟ ಸುಮಾರು 30 ಪಟ್ಟು ಹೆಚ್ಚುತ್ತದೆ.

ಒಂದು ಲೆಕ್ಕ ನೋಡಿ. ಒರತೆ ಮನೆಗಿಂತ 30 ಮೀಟರ್ ಮೇಲಿದೆ, ಪೈಪಿನ ಉದ್ದ 500 ಮೀಟರ್. ಪೈಪಿನ ಒಳವ್ಯಾಸ 16 ಮಿ.ಮೀ. ಇದ್ದರೆ ನಿಮಿಷಕ್ಕೆ 10 ಲೀಟರ್ ಹರಿಸುವಷ್ಟರಲ್ಲಿ ಆ 30 ಮೀಟರ್ ಪೂರ್ತಿ ಕರಗಿಹೋಗುತ್ತದೆ. ನಲ್ಲಿಗೆ ನೀರು ಬರುತ್ತದೆ, ಒತ್ತಡ ಉಳಿಯುವುದಿಲ್ಲ. ಒಳವ್ಯಾಸ 20 ಇದ್ದರೆ ನಷ್ಟ 11 ಮೀಟರಿಗೆ ಸ್ವಲ್ಪ ಕಡಿಮೆ, ಅಂದರೆ ಕೈಗೆ ಸುಮಾರು 1.9 ಕೆ.ಜಿ. ಒಳವ್ಯಾಸ 27 ಇದ್ದರೆ ನಷ್ಟ ಎರಡೂವರೆ ಮೀಟರ್ ಮಾತ್ರ. ಇದೇ ಪೈಪಿನಲ್ಲಿ ನಿಮಿಷಕ್ಕೆ 20 ಲೀಟರ್, ಅಂದರೆ ಶವರೂ ಅಡುಗೆಮನೆಯ ನಲ್ಲಿಯೂ ಒಟ್ಟಿಗೆ ತೆರೆದಾಗಲೂ ಎರಡು ಕೆ.ಜಿ. ಒತ್ತಡ ಉಳಿಯುತ್ತದೆ.

ಕೊಳ್ಳುವಾಗ ಗಮನಿಸಬೇಕಾದದ್ದು: ಎಚ್‌ಡಿಪಿಇ (ಕಪ್ಪು ಪ್ಲಾಸ್ಟಿಕ್) ಪೈಪಿನ ಮೇಲೆ ಬರೆದಿರುವ 20, 25, 32 ಎಂಬ ಅಂಕಿ ಹೊರವ್ಯಾಸ. ಗೋಡೆಯ ದಪ್ಪ ಕಳೆದರೆ 25ರ ಪೈಪಿನ ಒಳಗೆ ಸುಮಾರು 20, 32ರ ಒಳಗೆ ಸುಮಾರು 27 ಸಿಗುತ್ತದೆ. ಹೆಚ್ಚು ಕೆ.ಜಿ. ತಾಳುವ ಪೈಪ್ ಎಂದರೆ ಗೋಡೆ ಇನ್ನೂ ದಪ್ಪ, ದಾರಿ ಇನ್ನೂ ಕಿರಿದು. ಕುಡಿಯುವ ನೀರಿನ ಎಚ್‌ಡಿಪಿಇ ಪೈಪಿಗೆ ಐಎಸ್ 4984 ಎಂಬ ಗುರುತಿದೆ, ಅದನ್ನು ನೋಡಿ ತೆಗೆದುಕೊಳ್ಳಿ. ತೂಕಕ್ಕೆ ಮಾರುವ ಅಗ್ಗದ ಕಪ್ಪು ಪೈಪ್ ತೋಟದ ನೀರಿಗಾದರೆ ಸರಿ.

ಹಳೆಯದನ್ನು ಕಿತ್ತು ದಪ್ಪ ಪೈಪ್ ಹಾಕುವುದೋ, ಇರುವುದರ ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ಎಳೆಯುವುದೋ? ಲೆಕ್ಕ ಹಾಕಿದರೆ ಎರಡೂ ಹತ್ತಿರ ಹತ್ತಿರ ಬರುತ್ತವೆ. 25ರ ಜಾಗದಲ್ಲಿ 32 ಹಾಕಿದರೆ ನಷ್ಟ ನಾಲ್ಕನೇ ಒಂದು ಭಾಗಕ್ಕಿಂತ ತುಸು ಕೆಳಗಿಳಿಯುತ್ತದೆ. 25ರದೇ ಇನ್ನೊಂದು ಪೈಪ್ ಎಳೆದು ಎರಡೂ ತುದಿ ಸೇರಿಸಿದರೆ ನಷ್ಟ ಕಾಲು ಭಾಗಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಹಳೆಯ ಪೈಪ್ ಗಟ್ಟಿಯಿದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಹೊಸದನ್ನು ಎಳೆಯುವವರೆಗೂ ಮನೆಯ ನೀರು ನಿಲ್ಲುವುದಿಲ್ಲ, ಮುಂದೆ ಮುಳ್ಳುಹಂದಿ ಒಂದನ್ನು ಕಡಿದರೆ ಇನ್ನೊಂದರಲ್ಲಿ ಬಚ್ಚಲಿಗೆ ಬರುವಷ್ಟಾದರೂ ನೀರು ಇರುತ್ತದೆ. ಇಂಥ ಜೋಡಿ ಪೈಪಿಗೆ ಎರಡೂ ತುದಿಗಳಲ್ಲಿ ಒಂದೊಂದು ವಾಲ್ವ್ ಇರಲಿ.

ಇಡೀ ಉದ್ದಕ್ಕೆ ಹಣ ಸಾಲದಿದ್ದರೆ ಅರ್ಧವನ್ನಾದರೂ ಬದಲಿಸಬಹುದು, ಅರ್ಧದಷ್ಟು ಲಾಭ ಸಿಕ್ಕೇ ಸಿಗುತ್ತದೆ. ದಪ್ಪ ಪೈಪ್ ಒರತೆಯ ಕಡೆಗೆ, ಇಳಿಜಾರು ನಿಧಾನವಾಗಿರುವ ಮೇಲ್ಭಾಗಕ್ಕೆ ಬರಲಿ. ಸಣ್ಣದು ಕಡಿದಾದ ಕೆಳಭಾಗಕ್ಕೆ. ತಿರುಗಾಮುರುಗಾ ಮಾಡಿದರೆ ಮೇಲಿನ ದಿಬ್ಬಗಳಲ್ಲಿ ಒತ್ತಡ ಸೊನ್ನೆಗಿಂತ ಕೆಳಗಿಳಿದು ಗಾಳಿಯ ಕಾಟ ಹೆಚ್ಚುತ್ತದೆ.

ಮೂಲದಲ್ಲೇ ನೀರು ಸಾಲದ ಮನೆಗೆ ಇದಾವುದೂ ಉಪಯೋಗವಿಲ್ಲ. ಅಂಥವರಿಗಿರುವುದು ತೊಟ್ಟಿ.

ದರೆಯ ಮೇಲೊಂದು ತೊಟ್ಟಿ

ನಿಮಿಷಕ್ಕೆ ಬರೀ 2 ಲೀಟರ್ ಕೊಡುವ ಒರತೆಯನ್ನು ಕಂಡು ಮೂಗು ಮುರಿಯಬೇಡಿ. ರಾತ್ರಿ ಹಗಲು ಹರಿದರೆ ಅದು ದಿನಕ್ಕೆ 2880 ಲೀಟರ್. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಿಡಿದಿದೆ. ಆ ಲೆಕ್ಕದಲ್ಲಿ ಈ ಸಣಕಲು ಒರತೆ 50 ಜನರಿಗೆ ಸಾಕು. ರಾತ್ರಿಯೆಲ್ಲ ಹರಿದು ಪೋಲಾಗುವ ಆ ನೀರನ್ನು ಎತ್ತರದ ಜಾಗದಲ್ಲಿ ಹಿಡಿದಿಟ್ಟುಕೊಳ್ಳುವುದಷ್ಟೇ ಕೆಲಸ.

ಎಲ್ಲಿ ಹಿಡಿಯಬೇಕು? ಬಹಳ ಜನ ತಾರಸಿಯ ಮೇಲೆ ಟ್ಯಾಂಕ್ ಇಡುತ್ತಾರೆ. ಒಂದಂತಸ್ತಿನ ಮನೆಯಲ್ಲಿ ಟ್ಯಾಂಕಿನ ತಳಕ್ಕೂ ಶವರಿನ ತಲೆಗೂ ಹೆಚ್ಚೆಂದರೆ ಒಂದೂವರೆ ಮೀಟರ್ ಅಂತರ, ಅಂದರೆ 0.15 ಕೆ.ಜಿ. ಇದರಲ್ಲಿ ಶವರ್ ತೊಟ್ಟಿಕ್ಕುತ್ತದೆ, ಗ್ಯಾಸ್ ಗೀಸರ್ ಹೊತ್ತುವುದೇ ಅನುಮಾನ. ಗುಡ್ಡದ ಮೇಲಿಂದ ಎರಡು ಮೂರು ಕೆ.ಜಿ. ಹೊತ್ತು ತಂದ ನೀರನ್ನು ತಾರಸಿಯ ಟ್ಯಾಂಕಿಗೆ ಸುರಿದು ಆ ಒತ್ತಡವನ್ನೆಲ್ಲ ಕಳೆದುಕೊಂಡು, ಆಮೇಲೆ ಅದಕ್ಕೊಂದು ಪಂಪ್ ಹಚ್ಚುವುದನ್ನು ಕಂಡಾಗಲೆಲ್ಲ ಕೈ ಹಿಸುಕಿಕೊಳ್ಳುವಂತಾಗುತ್ತದೆ. ಹಿತ್ತಲಿನ ಗುಡ್ಡದಲ್ಲೇ ಮನೆಯ ನೆಲಕ್ಕಿಂತ 12 ಮೀಟರ್ ಮೇಲೆ ಅದೇ ಟ್ಯಾಂಕ್ ಇದ್ದರೆ ಶವರಿಗೆ ಒಂದು ಕೆ.ಜಿ. ಸಿಗುತ್ತದೆ, ಕರೆಂಟ್ ಬೇಡ.

ಆದರೆ ಟ್ಯಾಂಕಿನಿಂದ ಮನೆಗೆ ಇಳಿಯುವ ಪೈಪಿಗೆ ಜಿಪುಣತನ ಸಲ್ಲದು. ಅದರ ಉದ್ದ 60 ಮೀಟರ್ ಎಂದುಕೊಳ್ಳಿ. 32ರ ಪೈಪ್ ಹಾಕಿದರೆ ನಿಮಿಷಕ್ಕೆ 20 ಲೀಟರ್ ಹರಿದಾಗ ಕಳೆಯುವುದು ಒಂದು ಮೀಟರಿನಷ್ಟು. 25ರದಾದರೆ ನಾಲ್ಕೂವರೆ ಮೀಟರ್. ಒಳವ್ಯಾಸ 16ರದಾದರೆ ಅಷ್ಟು ನೀರು ಬರುವುದೇ ಇಲ್ಲ. ಒರತೆಯಿಂದ ಟ್ಯಾಂಕಿಗೆ ಬರುವ ಉದ್ದದ ಪೈಪ್ ಮಾತ್ರ ಸಣ್ಣದೇ ಇರಲಿ, ಅದು ಸಾವಕಾಶವಾಗಿ ತುಂಬಿಸುತ್ತದೆ. ಹಳೆಯ ಪೈಪ್ ಹಾಗೇ ಉಳಿದು ಬರೀ ಕೊನೆಯ ತುಂಡು ದಪ್ಪವಾಗುವುದರಿಂದ ಐನೂರು ಮೀಟರ್ ಬದಲಿಸುವುದಕ್ಕಿಂತ ಈ ದಾರಿ ಅಗ್ಗ. ಹಿಂದೆ ಗುಡ್ಡವಿರುವ ಮನೆಗಳಿಗೆ ನನ್ನ ಮೊದಲ ಆಯ್ಕೆ ಇದು.

ಇನ್ನೂ ಒಂದು ಗುಣವಿದೆ. ಒರತೆ ಮನೆಗಿಂತ 70 ಮೀಟರ್ ಮೇಲಿದೆ, ಪೈಪ್ 4 ಕೆ.ಜಿ. ತಾಳುವಂಥದು ಎಂದುಕೊಳ್ಳಿ. ನೀರು ಸದಾ ಹರಿಯುತ್ತಿದ್ದಾಗ ಒತ್ತಡ ಉಜ್ಜಾಟದಲ್ಲೇ ಕಳೆದುಹೋಗುವುದರಿಂದ ವರ್ಷಗಟ್ಟಲೆ ಏನೂ ಆಗಿರುವುದಿಲ್ಲ. ಯಾರೋ ಬಂದು ‘ನೀರು ಯಾಕೆ ಪೋಲು ಮಾಡುತ್ತೀರಿ’ ಎಂದು ತುದಿಗೆ ನಲ್ಲಿಯನ್ನೋ, ತೊಟ್ಟಿ ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವನ್ನೋ ಹಾಕುತ್ತಾರೆ. ಆ ರಾತ್ರಿಯೇ ಕೆಳಗಿನ ಪೈಪಿನ ಮೇಲೆ 7 ಕೆ.ಜಿ. ಬಿದ್ದು ಎಲ್ಲೋ ಒಂದು ಜೋಡಣೆ ಬಿಚ್ಚಿಕೊಳ್ಳುತ್ತದೆ. ಅಬ್ಬಿ ನೀರಿನ ಮನೆಗಳಲ್ಲಿ ಪೈಪಿನ ಬಾಯಿ ಸದಾ ತೆರೆದಿರುವುದಕ್ಕೆ ಇದೂ ಒಂದು ಕಾರಣ. ಗುಡ್ಡದ ತೊಟ್ಟಿಗೆ ಫ್ಲೋಟ್ ವಾಲ್ವ್ ಹಾಕದೆ, ತುಂಬಿ ತುಳುಕಿದ ನೀರನ್ನು ತೋಟಕ್ಕೆ ಬಿಟ್ಟುಬಿಡಿ. ಮೇಲಿನ ಪೈಪ್ ತೆರೆದೇ ಇರುತ್ತದೆ, ಕೆಳಗಿನ ಪೈಪಿಗೆ ತೊಟ್ಟಿಯ ಎತ್ತರದ ಒತ್ತಡವಷ್ಟೇ ಬೀಳುತ್ತದೆ.

ಜಾಗ ಆರಿಸುವಾಗ ದರೆಯ, ಅಂದರೆ ಕಡಿದಾದ ಮಣ್ಣಿನ ಬದಿಯ, ಅಂಚು ಬೇಡವೇ ಬೇಡ. 2000 ಲೀಟರಿನ ಟ್ಯಾಂಕ್ ತುಂಬಿದಾಗ ನೀರಿನ ತೂಕವೇ ಎರಡು ಟನ್. ತುಳುಕಿದ ನೀರು ಅಲ್ಲೇ ಇಂಗಿದರೆ ಆಷಾಢದ ಮಳೆಗೆ ದರೆ ಸಡಿಲವಾಗಿ ಜರಿಯಬಹುದು, ಅದರ ಕೆಳಗಿರುವುದು ನಿಮ್ಮದೇ ಮನೆ. ಅಂಚಿನಿಂದ ಹಿಂದೆ, ಗಟ್ಟಿ ನೆಲದಲ್ಲಿ ಟ್ಯಾಂಕ್ ಕೂರಿಸಿ, ತುಳುಕು ನೀರನ್ನು ಪೈಪಿನಲ್ಲೇ ದೂರ ಒಯ್ಯಿರಿ.

ಪಂಪ್

ಹಿಂದೆ ಗುಡ್ಡವಿಲ್ಲ, ಒರತೆ ಮನೆಗಿಂತ ನಾಲ್ಕೈದು ಮೀಟರ್ ಮಾತ್ರ ಮೇಲೆ, ಮಹಡಿಯಲ್ಲಿ ಬಚ್ಚಲು. ಇಂಥ ಮನೆಗೆ ಪಂಪ್ ಬಿಟ್ಟರೆ ಗತಿಯಿಲ್ಲ. ಅರ್ಧ ಎಚ್.ಪಿ.ಯ ಪ್ರೆಶರ್ ಪಂಪ್ ಒಂದು ಕುಟುಂಬಕ್ಕೆ ಸಾಮಾನ್ಯವಾಗಿ ಸಾಕು. ನಲ್ಲಿ ತೆರೆದಾಗ ತಾನೇ ಓಡಿ, ಮುಚ್ಚಿದಾಗ ನಿಲ್ಲುವ ಸ್ವಿಚ್ ಇರುವುದನ್ನು ಆರಿಸಿ. ಟ್ಯಾಂಕ್ ಖಾಲಿಯಾದಾಗ ಒಣ ಓಡದಂತೆ ರಕ್ಷಣೆಯೂ ಇರಲಿ. ಬೇಸಿಗೆಯಲ್ಲಿ ಪಂಪ್ ಸುಡುವುದು ಹೆಚ್ಚಾಗಿ ಆ ಕಾರಣಕ್ಕೆ.

ಪಂಪನ್ನು ಟ್ಯಾಂಕಿನ ಕೆಳಗೆ ಜೋಡಿಸಬೇಕೇ ಹೊರತು ಗುಡ್ಡದಿಂದ ಬರುವ ಪೈಪಿಗೆ ನೇರವಾಗಿ ಅಲ್ಲ. ನೇರವಾಗಿ ಹಚ್ಚಿದರೆ ಅದು ಒರತೆ ಕೊಡುವುದಕ್ಕಿಂತ ಹೆಚ್ಚು ಎಳೆಯುತ್ತದೆ, ಸಡಿಲ ಜೋಡಣೆಗಳಿಂದ ಗಾಳಿಯನ್ನೂ ಕೆಸರನ್ನೂ ಹೀರುತ್ತದೆ, ತೆಳು ಪೈಪಾದರೆ ಚಪ್ಪಟೆಯಾಗುತ್ತದೆ. ಒಂದೇ ಪೈಪಿನಲ್ಲಿ ನಾಲ್ಕು ಮನೆಯವರಿದ್ದರೆ ಉಳಿದ ಮೂವರ ಪಾಲನ್ನು ನೀವು ಕಸಿದುಕೊಂಡಂತೆ. ಪಂಚಾಯಿತಿಯ ನಲ್ಲಿಗೆ ಮೋಟಾರ್ ಹಚ್ಚಿದ್ದು ನೀರುಗಂಟಿಯ ಕಣ್ಣಿಗೆ ಬಿದ್ದರಂತೂ ಸಂಪರ್ಕಕ್ಕೇ ಸಂಚಕಾರ.

ಇನ್ನು ಕರೆಂಟಿನ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿಯುವ ಊರುಗಳಲ್ಲಿ ಪಂಪನ್ನೇ ನಂಬಿ ಕೂರಲಾಗದು. ಆದ್ದರಿಂದ ಅಡುಗೆಮನೆ ಮತ್ತು ಕೆಳಗಿನ ಬಚ್ಚಲಿಗೆ ಪಂಪ್ ಇಲ್ಲದೆಯೂ ನೀರು ಬರುವಂತೆ ಬೇರೆ ಪೈಪ್ ಇಟ್ಟುಕೊಳ್ಳಿ.

ಇನ್ನೆರಡು ಸಂದರ್ಭ

ಮನೆಯೇ ಒರತೆಗಿಂತ ಮೇಲಿದ್ದು, ಕೆಳಗೆ ಹರಿಯುವ ಹಳ್ಳದಲ್ಲಿ ಯಥೇಚ್ಛ ನೀರಿದ್ದರೆ ಹೈಡ್ರಾಲಿಕ್ ರ‍್ಯಾಮ್ ನೆನಪಿಡಿ. ನೀರು ಕೆಳಗೆ ಬೀಳುವ ಹೊಡೆತದಿಂದಲೇ ಅದರಲ್ಲೊಂದು ಪಾಲನ್ನು ಮೇಲಕ್ಕೆ ತಳ್ಳುವ ಯಂತ್ರ ಇದು, ಕರೆಂಟ್ ಬೇಡ. ಮೂರು ಮೀಟರ್ ಬೀಳುವ ನಿಮಿಷಕ್ಕೆ 20 ಲೀಟರ್ ನೀರಿನಿಂದ 15 ಮೀಟರ್ ಮೇಲಕ್ಕೆ ಎರಡು ಲೀಟರಿನಷ್ಟು ಏರುತ್ತದೆ, ಉಳಿದದ್ದು ಹಳ್ಳಕ್ಕೇ ಹೋಗುತ್ತದೆ. ಹಗಲಿರುಳು ಟಕ್ ಟಕ್ ಎನ್ನುತ್ತಿರುತ್ತದೆ, ಹತ್ತಿರ ಮಲಗುವ ಕೋಣೆ ಇರಬಾರದು.

ಹಲವು ಮನೆಗಳಿಗೆ ಒಂದೇ ಒರತೆಯಾದರೆ ಒಂದೇ ಪೈಪಿನಿಂದ ಕವಲು ಒಡೆಯುತ್ತ ಹೋಗುವುದು ಜಗಳಕ್ಕೆ ಹಾದಿ. ಕೆಳಗಿನ ಮನೆಯವರು ನಲ್ಲಿ ತೆರೆದರೆ ಮೇಲಿನ ಮನೆಗೆ ಹನಿ ನೀರೂ ಇಲ್ಲ. ವಾಲ್ವ್ ತಿರುಗಿಸಿ ಸರದಿ ಇಟ್ಟುಕೊಳ್ಳಬಹುದು, ಆದರೆ ನೆಂಟರು ಬಂದ ದಿನ ಸರದಿ ಮುರಿಯುತ್ತದೆ. ಮೇಲೆ ನೀರು ಹಂಚುವ ತೊಟ್ಟಿಯೊಂದನ್ನು ಕಟ್ಟಿ, ಒಂದೇ ಮಟ್ಟದಲ್ಲಿ ಒಂದೇ ಅಳತೆಯ ತೂತು ಕೊರೆದು, ಪ್ರತಿಯೊಂದರಿಂದ ಬೀಳುವ ನೀರನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಿಡಿದು ಒಂದೊಂದು ಮನೆಗೆ ಒಂದೊಂದು ಪೈಪ್ ಇಳಿಸುವುದು ವಾಸಿ. ಆಗ ಯಾರು ಎಷ್ಟು ಎಳೆದರೂ ಪಕ್ಕದವರ ಪಾಲು ಕದಲುವುದಿಲ್ಲ. ಪೈಪಿನ ಖರ್ಚು ಹೆಚ್ಚು, ನಿಜ.

ಯಾವುದನ್ನು ಆರಿಸಿದರೂ ಅಳತೆ ಏಪ್ರಿಲ್ ಕೊನೆಯದಾಗಿರಲಿ. ಅಕ್ಟೋಬರಿನಲ್ಲಿ ಯಾವ ಒರತೆಯೂ ಸಾಲದು ಎನ್ನುವುದಿಲ್ಲ. ಬೇಸಿಗೆಯ ಹರಿವು ಎಷ್ಟು, ಮುಚ್ಚಿದಾಗ ಮತ್ತು ತೆರೆದಾಗ ಗೇಜ್ ತೋರಿಸಿದ್ದೆಷ್ಟು, ಪೈಪಿನ ಉದ್ದವೆಷ್ಟು, ಒಳವ್ಯಾಸವೆಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.